ಎರಡು ನೀಲಿ ಡಬ್ಬಿಗಳು

ನಿತ್ಸಾನಳ ಎಣ್ಣೆಯನ್ನು ನಾವು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದೆವು. ನೀಲಿ ಬಣ್ಣದ ದುಂಡನೆಯ ತಗಡಿನ ಡಬ್ಬಿ, ಮುಚ್ಚಳದ ಮೇಲೆ ಹಿಮ ಬಿದ್ದ ಮನೆಯ ಚಿತ್ರ. ಅಂಥವು ನಮ್ಮಲ್ಲಿ ಎರಡಿದ್ದವು. ಫ್ರಿಜ್ಜಿನ ಮೇಲಿನದರಲ್ಲಿ ಎಣ್ಣೆ, ಅಡುಗೆಮನೆಯ ಕಪಾಟಿನಲ್ಲಿದ್ದುದರಲ್ಲಿ ಅಜ್ಜಿ ಮಾಡಿದ ಸೋಂಪಿನ ಬಿಸ್ಕತ್ತು. ಆ ವರ್ಷ ಯೆಹೂದಿಗಳಾದ ನಮ್ಮ ಪೆಸಾಹ್ ಹಬ್ಬದಲ್ಲಿ ಮನೆಯಲ್ಲಿ ಆದದ್ದಕ್ಕೆಲ್ಲ ಈ ಎರಡು ಡಬ್ಬಿಗಳು ಕಾರಣ. ಮತ್ತೆ ನಾನು.

ಎಣ್ಣೆಯನ್ನು ಬಚ್ಚಿಡಬೇಕು ಅಂದವಳು ಅಜ್ಜಿ. ಮರುಭೂಮಿಯ ನಡುವಿನ ಯೆರುಹಾಮಿನಂಥ ಸಣ್ಣ ಊರಿನಲ್ಲಿ, ನಾಲ್ಕು ಮಹಡಿಯ ಕಟ್ಟಡದಲ್ಲಿ, ಯಾರು ಯಾವಾಗ ಸಕ್ಕರೆ ಕೇಳಿಕೊಂಡು ಒಳಗೆ ನುಗ್ಗುತ್ತಾರೋ ಹೇಳಲಾಗದು. ಮೊದಲ ದಿನ ಅಮ್ಮ ಬೇರ್‌ಶೇವಾದ ಔಷಧಿ ಅಂಗಡಿಯಿಂದ ಆ ಕಂದು ಸೀಸೆ ತಂದಾಗ ಅಜ್ಜಿ ಎದೆಗೆ ಕೈ ಹಚ್ಚಿಕೊಂಡು ಕೂತುಬಿಟ್ಟಿದ್ದಳು.

"ನನ್ನ ಮನೇಲಿ ಗಾಂಜಾ? ನಾನು ಹುಟ್ಟಿದ ತಾಫಿಲಾಲ್ತಿನಲ್ಲಿ ನಮ್ಮ ಸೋದರಮಾವ ಅದನ್ನೇ ಸೇದಿ ಸೇದಿ ಕತ್ತೇನ ಹೆಂಡ್ತಿ ಅಂದ್ಕೊಂಡು ಮಾತಾಡಿಸ್ತಿದ್ದ!"

"ಮಾವನ ಹೆಂಡ್ತೀನ ನಾನೂ ನೋಡಿದೀನಮ್ಮ," ಅಂದಳು ನನ್ನಮ್ಮ ಓಸ್ನತ್, ಚಪ್ಪಲಿ ಬಿಡುತ್ತ. "ಅದು ಗಾಂಜಾದ ತಪ್ಪು ಅಂತ ಹೇಗೆ ಹೇಳ್ತೀಯಾ?"

ಅಜ್ಜಿ ನಗಲಿಲ್ಲ. ಆದರೆ ಡಬ್ಬಿ ಕೊಟ್ಟಳು.

ನನ್ನ ತಂಗಿ ನಿತ್ಸಾನಳಿಗೆ ಆಗ ಹನ್ನೊಂದು. ಮಾತಿಲ್ಲ, ಎಂದೂ ಇರಲಿಲ್ಲ. ಆಟಿಸಂ ಎಂಬ ಪದ ನಮ್ಮ ಮನೆಗೆ ಅವಳ ಮೂರನೇ ವರ್ಷದಲ್ಲಿ ಬಂತು. ಅದರ ಮರುವರ್ಷ ಅಪ್ಪ ಮನೆಯಿಂದ ಹೋದ. ಅವಳು ಬೆಳೆದಂತೆ ಅವಳ ಸಿಟ್ಟೂ ಬೆಳೆಯಿತು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು, ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಿದ್ದಳು, ಬಿಡಿಸಲು ಹೋದರೆ ಅಮ್ಮನನ್ನು. ಅಮ್ಮ ಮೃತ ಸಮುದ್ರದ ದಡದ ಒಂದು ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಹಬೆ ತುಂಬಿದ ಆ ನೆಲಮಾಳಿಗೆಯಲ್ಲಿ ಉಳಿದ ಹೆಂಗಸರೆಲ್ಲ ತೋಳಿಲ್ಲದ ಅಂಗಿ ತೊಟ್ಟರೆ ನನ್ನಮ್ಮ ಮಾತ್ರ ಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳು ಇಳಿಸಿಕೊಂಡು ಇರುತ್ತಿದ್ದಳು. ಹಲ್ಲಿನ ಗುರುತುಗಳು ಬಳೆಗಳ ಹಾಗೆ ಸಾಲಾಗಿದ್ದವು. ಮೊದಲು ಕೊಟ್ಟ ಮಾತ್ರೆಗಳಿಂದ ಮಗು ಊದಿಕೊಂಡಿತು, ಕೈ ನಡುಗತೊಡಗಿತು, ಸಿಟ್ಟು ಇದ್ದಲ್ಲೇ ಇತ್ತು.

ಎಣ್ಣೆ ಬರೆದುಕೊಟ್ಟ ಡಾಕ್ಟರಮ್ಮ ಮೊದಲೇ ಹೇಳಿದ್ದರು. "ಇದು ಮಂತ್ರದ ನೀರಲ್ಲ. ಕೆಲವು ಮಕ್ಕಳಿಗೆ ತುಂಬಾ ಆಗತ್ತೆ, ಕೆಲವರಿಗೆ ಸ್ವಲ್ಪ, ಕೆಲವರಿಗೆ ಏನೂ ಇಲ್ಲ. ಆಟಿಸಂ ಎಲ್ಲೂ ಹೋಗಲ್ಲ. ಹೊಡ್ಕೊಳ್ಳೋದು, ಕಚ್ಚೋದು ಕಮ್ಮಿಯಾದ್ರೆ ನಮ್ಮ ಅದೃಷ್ಟ. ಒಂದು ಹನಿಯಿಂದ ಶುರು ಮಾಡಿ, ನಿಧಾನಕ್ಕೆ ಏರಿಸಿ. ತಟ್ಟಂತ ಮಾತ್ರ ನಿಲ್ಲಿಸಬೇಡಿ."

ಖರ್ಜೂರದ ಪಾಕದಲ್ಲಿ ಬೆರೆಸಿ ಕೊಡುತ್ತಿದ್ದೆವು, ದಿನಕ್ಕೆ ಮೂರು ಸಲ. ಎರಡನೇ ತಿಂಗಳಲ್ಲಿ ಒಂದು ದಿನ ಅಜ್ಜಿ ಬಾಚಣಿಗೆ ಹಿಡಿದು ನಿಂತೇ ಇದ್ದಳು, ಉಸಿರು ಬಿಡದೆ. ನಿತ್ಸಾನ್ ಕಿಟಕಿಯ ಹತ್ತಿರ ಕೂತು ತಲೆ ಬಾಚಿಸಿಕೊಂಡಳು. ಪೂರ್ತಿ, ಜಡೆ ಮುಗಿಯುವ ತನಕ. ಏಳು ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ಹೊಸ ಗುರುತು ಬೀಳಲಿಲ್ಲ.

ಒಂದು ಮಾತ್ರ ಹೋಯಿತು. ಮುಂಚೆ ಸಮಾಧಾನವಾಗಿದ್ದಾಗ ನಿತ್ಸಾನ್ ಬಟ್ಟೆ ಒಗೆಯುವ ಯಂತ್ರಕ್ಕೆ ಹಣೆ ಆನಿಸಿ ಒಂದು ರಾಗ ಗುನುಗುತ್ತಿದ್ದಳು. ಅಜ್ಜಿ ಹಿಟ್ಟು ನಾದುವಾಗ ಗುನುಗುವ ರಾಗವೇ ಅದು, ಮೂರು ಸ್ವರ ಮೇಲಕ್ಕೆ, ಒಂದು ಕೆಳಕ್ಕೆ. ನನಗೆ ಅಜ್ಜಿ ಚಿಕ್ಕಂದಿನಲ್ಲಿ ಹೇಳಿದ ಒಂದು ಕಥೆಯಿತ್ತು. ಬೆಟ್ಟದೂರಿನ ಹುಡುಗಿಯೊಬ್ಬಳ ದನಿಯನ್ನು ಜಿನ್ನಿಯೊಂದು ಕದ್ದು ಹೂಜಿಯಲ್ಲಿ ಮುಚ್ಚಿಟ್ಟಿತಂತೆ. ಹೂಜಿ ತೆರೆದರೆ ದನಿ ಹೊರಗೆ ಬರುತ್ತದೆ, ಆದರೆ ಅದರ ಜೊತೆಗೇ ಮುಚ್ಚಿಟ್ಟ ಬಿರುಗಾಳಿಯೂ ಬರುತ್ತದೆ. ಇಪ್ಪತ್ತೆರಡು ವರ್ಷದವಳಾದರೂ ನಾನು ನಿತ್ಸಾನಳ ದನಿ ಯಾವುದೋ ಖರ್ಜೂರದ ತೋಟದಲ್ಲಿ, ಮಣ್ಣಿನಡಿ, ಹೂಜಿಯೊಂದರಲ್ಲಿ ಇದೆ ಎಂದೇ ಒಳಗೊಳಗೆ ನಂಬಿದ್ದೆ. ಎಣ್ಣೆ ಶುರುವಾದ ಮೇಲೆ ಆ ಗುನುಗು ಕಮ್ಮಿಯಾಗುತ್ತ ಆಗುತ್ತ ನಿಂತೇಹೋಯಿತು. ಎಣ್ಣೆಯಿಂದಲೋ, ವಯಸ್ಸಿನಿಂದಲೋ, ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ.

"ಮಗು ಸುಮ್ಮನಾಗಿಲ್ಲ ಕಣೇ, ಆರಿಹೋಗಿದೆ," ಅನ್ನುತ್ತಿದ್ದಳು ಅಜ್ಜಿ.

"ಸಂಜೆ ನನ್ನ ತೋಳು ನೋಡ್ಕೊಂಡು ಆ ಮಾತು ಹೇಳಮ್ಮ," ಅನ್ನುತ್ತಿದ್ದಳು ಅಮ್ಮ.

ಇದರ ಮೇಲೆ ಶುಲಾ ಬಂದಳು. ಪುರಸಭೆಯ ಕಲ್ಯಾಣ ಇಲಾಖೆಯವಳು, ಒಳ್ಳೆಯ ಹೆಂಗಸು, ಯಾವಾಗಲೂ ಅವಸರದಲ್ಲಿರುವವಳು. ಇಂಥ ಮಕ್ಕಳ ವಸತಿಗೃಹವೊಂದು ಉತ್ತರದಲ್ಲಿತ್ತು, ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿ. ಅಲ್ಲಿ ಒಂದು ಜಾಗ ಖಾಲಿಯಾಗಿತ್ತು. "ಹಬ್ಬ ಮುಗಿದ ಮರುದಿನ ಬರ್ತೀನಿ ಓಸ್ನತ್. ಹೂಂ ಅಂದ್ರೆ ಸಹಿ ಹಾಕು, ಉಹೂಂ ಅಂದ್ರೆ ಬೇರೆಯವರಿಗೆ ಕೊಡ್ತೀವಿ. ಮನೇಲಿ ಹೀಗೇ ಸಮಾಧಾನವಾಗಿ ಇರ್ತಾಳೆ ಅಂದ್ರೆ ನಾನ್ಯಾಕೆ ಬಲವಂತ ಮಾಡಲಿ?"

ಅಮ್ಮ ಆ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಹಬ್ಬ ಶಾಂತವಾಗಿ ಕಳೆದರೆ ಮಗು ಮನೆಯಲ್ಲೇ. ಅಮ್ಮ ಬಾಯಿಬಿಟ್ಟು ಹೇಳಲಿಲ್ಲ, ನಾವು ಮೂವರೂ ಅಷ್ಟು ತಿಳಿದುಕೊಂಡಿದ್ದೆವು.

ಪೆಸಾಹ್ ಬಂತೆಂದರೆ ಏಳು ದಿನ ಮನೆಯಲ್ಲಿ ಹುದುಗಿದ, ಹುದುಗಬಹುದಾದ ಗೋಧಿ ಪದಾರ್ಥದ ಒಂದು ಚೂರೂ ಇರಬಾರದು. ಎಸೆಯಲಾಗದ್ದನ್ನು ಒಂದು ಕಡೆ ತುಂಬಿ, ಯೆಹೂದಿಯಲ್ಲದವನಿಗೆ ಮಾರಿ, ಹಬ್ಬ ಮುಗಿಯುವ ತನಕ ಮುಟ್ಟಬಾರದು. ಕಟ್ಟಡದವರೆಲ್ಲ ಧರ್ಮಗುರು ರಬ್ಬಿಯ ಬಳಿ ಒಂದು ಕಾಗದಕ್ಕೆ ಸಹಿ ಹಾಕಿ ಬಂದುಬಿಡುತ್ತಾರೆ. ನನ್ನ ಅಜ್ಜಿ ಯಾಕೂತ್‌ಗೆ ಕಾಗದದ ಮೇಲೆ ನಂಬಿಕೆಯಿಲ್ಲ. ಅವಳ ಹಳ್ಳಿಯಲ್ಲಿ ಅವಳ ಅಪ್ಪ ಪಕ್ಕದ ಮನೆಯ ಮುಸಲ್ಮಾನನ ಕೈಗೆ ಉಗ್ರಾಣದ ಕೀಲಿಯನ್ನೇ ಕೊಡುತ್ತಿದ್ದ. ಹಬ್ಬ ಮುಗಿದ ಸಂಜೆ ಆತ ಕೀಲಿಯ ಜೊತೆ ಹಿಟ್ಟು, ಬೆಣ್ಣೆ ತಂದುಕೊಡುತ್ತಿದ್ದ. ಅಜ್ಜಿಯೂ ಹಾಗೇ ಮಾಡುತ್ತಿದ್ದಳು. ಬಾಲ್ಕನಿಯಲ್ಲಿ ತಾತ ಸೈನ್ಯದ ಹಳೇ ಸಾಮಾನಿನಲ್ಲಿ ಕೊಂಡಿದ್ದ ಕಬ್ಬಿಣದ ಬೀರು. ಕೊಳ್ಳುವವನು ಅಬೂ ಸ್ವೇಲಿಮ್, ಊರ ಬಾಗಿಲಲ್ಲಿ ಲಾರಿಗಳ ಟೈರಿಗೆ ಪಂಕ್ಚರ್ ಹಾಕುವ ಬೆದೂಯಿನ ಬುಡಕಟ್ಟಿನ ಅರಬ. ಬೀರುವಿಗೆ ಇದ್ದದ್ದು ಒಂದೇ ಕೀಲಿ. ಇನ್ನೊಂದನ್ನು ಅಜ್ಜಿ ಬೇಕೆಂದೇ ಬಾವಿಗೆ ಎಸೆದಿದ್ದಳಂತೆ. "ಎರಡು ಕೀಲಿ ಇದ್ರೆ ಅದು ಮಾರಾಟ ಅಲ್ಲ, ನಾಟಕ."

ಹಬ್ಬದ ಮುಂಜಾನೆ ಬೀರು ತುಂಬಿದವಳು ನಾನು. ರವೆ, ಶ್ಯಾವಿಗೆ, ಬಿಯರ್ ಬಾಟಲಿ, ಅರೆಖಾಲಿ ಹಿಟ್ಟಿನ ಚೀಲ. ಕಪಾಟು ಒರೆಸಲು ಎಲ್ಲವನ್ನೂ ಮೇಜಿನ ಮೇಲೆ ಇಳಿಸಿದ್ದೆವು. ಫ್ರಿಜ್ಜಿನ ಮೇಲಿನದನ್ನೂ. ನಾನು ಜಿನ್ನಿಯ ಕಥೆಯಲ್ಲಿದ್ದೆ. ಜಿನ್ನಿ ಯಾಕೆ ಕದ್ದಿತು ಅಂತ ಅಜ್ಜಿ ಎಂದೂ ಹೇಳಿಲ್ಲವಲ್ಲ, ಬಹುಶಃ ಅದಕ್ಕೂ ದನಿ ಇರಲಿಲ್ಲವೇನೋ ಅಂತ ಯೋಚಿಸುತ್ತ ನೀಲಿ ಡಬ್ಬಿ ಎತ್ತಿ ಬೀರುವಿಗೆ ಹಾಕಿದೆ, ನೀಲಿ ಡಬ್ಬಿ ಎತ್ತಿ ಫ್ರಿಜ್ಜಿನ ಮೇಲಿಟ್ಟೆ. ಬೀಗ ಹಾಕಿದೆ. ಹತ್ತು ಗಂಟೆಗೆ ಅಬೂ ಸ್ವೇಲಿಮ್ ಬಂದು, ಕೀಲಿಯನ್ನು ಜೇಬಿಗಿಳಿಸಿ, "ನನ್ನ ಬಿಸ್ಕತ್ತಿಗೆ ಇರುವೆ ಮುತ್ತದ ಹಾಗೆ ನೋಡ್ಕೊಳ್ಳಿ ದೊಡ್ಡಮ್ಮ," ಎಂದು ನಕ್ಕು ಹೋದ.

ಗಡಿಬಿಡಿಯಲ್ಲಿ ಮಧ್ಯಾಹ್ನದ ಹನಿ ಮರೆತುಹೋಗಿತ್ತು. ಸಂಜೆ ಐದಕ್ಕೆ ಅಮ್ಮ ಚಮಚದಲ್ಲಿ ಖರ್ಜೂರದ ಪಾಕ ಹಿಡಿದು ಡಬ್ಬಿ ತೆರೆದಳು.

ಮೊದಲು ಕಿರುಚಿದವಳು ಅಜ್ಜಿ. "ಬಿಸ್ಕತ್ತು! ತೊಳೆದ ಮನೇಲಿ ಬಿಸ್ಕತ್ತು!" ಡಬ್ಬಿ ಕಿತ್ತುಕೊಂಡು ಬಚ್ಚಲಿಗೆ ಓಡಿ, ಎಲ್ಲವನ್ನೂ ಸುರಿದು ನೀರು ಬಿಟ್ಟಳು. ನೀರಿನ ಸದ್ದು ನಿಂತ ಮೇಲೆ ಮನೆಯಲ್ಲಿ ಮೂವರಿಗೂ ಒಟ್ಟಿಗೇ ಹೊಳೆಯಿತು.

"ಹಾಗಾದ್ರೆ ಎಣ್ಣೆ?" ಅಂದಳು ಅಮ್ಮ.

ನಾನು ಬಾಲ್ಕನಿಯ ಕಡೆ ನೋಡಿದೆ.

"ನಿನ್ನ ತಲೆ ಎಲ್ಲಿತ್ತೇ ಹೊದಾಯಾ? ಹೇಳು, ಎಲ್ಲಿತ್ತು?" ಅಮ್ಮ ನನ್ನ ಕಡೆ ತಿರುಗಿದಳು.

ಅಬೂ ಸ್ವೇಲಿಮ್‌ಗೆ ಫೋನ್ ಮಾಡಿದೆ. ಅವನು ಆಗಲೇ ಹಳ್ಳಿಗೆ ಹೋಗಿದ್ದ, ಅಲ್ಲಿ ಸಿಗ್ನಲ್ ಸಿಗುವುದು ಗುಡ್ಡ ಹತ್ತಿದರೆ ಮಾತ್ರ. ಔಷಧಿ ಅಂಗಡಿ ಮುಚ್ಚಿತ್ತು. ತೆರೆದಿದ್ದರೂ ನಮ್ಮ ಪರವಾನಗಿಯ ಮೇಲೆ ಮುಂದಿನ ಸೀಸೆ ಮುಂದಿನ ತಿಂಗಳಿಗೇ. ಅಮ್ಮ ಸುತ್ತಿಗೆ ತಂದಳು. ಅಜ್ಜಿ ಬೀರುವಿಗೆ ಬೆನ್ನು ಕೊಟ್ಟು ನಿಂತಳು.

"ಇದು ನಮ್ಮದಲ್ಲ ಓಸ್ನತ್. ಮಾರಾಗಿದೆ."

"ಮಾರಿದ್ದು ರವೆನ! ನನ್ನ ಮಗಳ ಔಷಧಿನಲ್ಲ! ಯಾವ ರಬ್ಬಿನ ಬೇಕಾದ್ರೂ ಕೇಳು, ಒಡಿ ಅಂತಾನೆ."

"ರಬ್ಬಿ ಅಂತಾನೆ. ಗೊತ್ತು." ಅಜ್ಜಿಯ ದನಿ ಇಳಿಯಿತು. "ಬೀಗದ ಮಾತು ಬಿಡು. ಅವಳನ್ನ ನೋಡು. ಸುಮ್ಮನೆ ಕೂತಿದಾಳೆ. ಏಳು ತಿಂಗಳಿಂದ ಎಣ್ಣೆ ಸುಮ್ಮನಿರಿಸಿದ್ಯೋ, ಅವಳೇ ಬೆಳೆದು ಸುಮ್ಮನಾದ್ಲೋ, ನಿನಗೆ ಗೊತ್ತಾ? ಒಂದು ನಾಲ್ಕು ದಿನ ನೋಡೋಣ. ಎಣ್ಣೆ ಇಲ್ದಿರೋ ನನ್ನ ಮೊಮ್ಮಗಳನ್ನ ನೋಡಿ ಎಷ್ಟು ದಿನ ಆಯ್ತು."

ಡಾಕ್ಟರಮ್ಮ ಹೇಳಿದ್ದನ್ನು ನಾನು ನೆನಪಿಸಿದೆ. "ತಟ್ಟಂತ ನಿಲ್ಲಿಸಬಾರದು ಅಂದಿದ್ರಲ್ಲಮ್ಮ." ನನ್ನ ಮಾತಿಗೆ ಆ ಸಂಜೆ ಯಾವ ಬೆಲೆಯೂ ಇರಲಿಲ್ಲ. ಅಮ್ಮ ಸುತ್ತಿಗೆ ಹಿಡಿದೇ ನಿತ್ಸಾನಳನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ಸುತ್ತಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ನನಗೂ ನೋಡಬೇಕು," ಅಂದಳು.

ದೀಪ ಹಚ್ಚುವ ಹೊತ್ತಾಯಿತು.

ಹಬ್ಬದ ಊಟ ಶಾಂತವಾಗಿ ಮುಗಿಯಿತು. ಮರುದಿನವೂ ಶಾಂತ. ಮೂರನೇ ದಿನ, ಬುಧವಾರ, ನಾನು ಬಚ್ಚಲಿನಿಂದ ಬರುವಾಗ ಕೇಳಿಸಿತು. ಮೂರು ಮೇಲಕ್ಕೆ, ಒಂದು ಕೆಳಕ್ಕೆ. ಯಂತ್ರಕ್ಕೆ ಹಣೆ ಆನಿಸಿ, ಕಣ್ಣು ಮುಚ್ಚಿ, ನಿತ್ಸಾನ್. ಅಜ್ಜಿ ನೆಲದ ಮೇಲೇ ಕೂತಳು. ಕಣ್ಣೀರು ಒರೆಸಿಕೊಳ್ಳದೆ ಜೊತೆಗೆ ಗುನುಗಿದಳು. ಮಗು ನಿಲ್ಲಿಸಿತು, ಕಾದಿತು, ಮತ್ತೆ ಗುನುಗಿತು. ಅಜ್ಜಿ ಉತ್ತರ ಕೊಟ್ಟಳು. ಹನ್ನೊಂದು ವರ್ಷದಲ್ಲಿ ಅವರಿಬ್ಬರು ಆಡಿದ ಮೊದಲ ಮಾತುಕತೆ ಅದು ಅಂತ ನನಗನ್ನಿಸಿತು.

"ಕೇಳಿದ್ಯಾ ಓಸ್ನತ್? ಕೇಳಿದ್ಯಾ?"

ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಮುಖದಲ್ಲಿ ಏನಿತ್ತೋ ನಾನು ಸರಿಯಾಗಿ ಹೇಳಲಾರೆ. ಆಸೆ ಇತ್ತು. ಆಸೆಗೆ ಹೆದರಿದ್ದೂ ಇತ್ತು. ನಾನು? ನನಗೆ ಹೂಜಿ ತೆರೆದುಕೊಂಡದ್ದು ಕಂಡಿತು. ಜೊತೆಗೆ ಬರುವುದನ್ನು ಮರೆತೇಬಿಟ್ಟಿದ್ದೆ.

ಗುರುವಾರ ಬೆಳಿಗ್ಗೆ ಅಜ್ಜಿ ಜಡೆ ಹಾಕುತ್ತಿದ್ದಳು. ಬಾಚಣಿಗೆ ಒಂದು ಸಿಕ್ಕಿನಲ್ಲಿ ನಿಂತಿತು. ಅಷ್ಟೇ. ನಿತ್ಸಾನ್ ತಿರುಗಿ ಎರಡೂ ಕೈಯಿಂದ ದೂಡಿದಳು. ಎಪ್ಪತ್ತೆಂಟು ವರ್ಷದ ಅಜ್ಜಿ ಬಾಗಿಲ ಚೌಕಟ್ಟಿಗೆ ಬಡಿದು ಮಣಿಕಟ್ಟಿನ ಮೇಲೆ ಬಿದ್ದಳು. ಅಮ್ಮ ನಡುವೆ ಬಂದಳು, ಕಚ್ಚಿಸಿಕೊಂಡಳು. ಹಳೆ ಬಳೆಗಳ ಮೇಲೆ ಹೊಸ ಬಳೆ, ರಕ್ತ ಸೋರುವಂಥದ್ದು. ಮಗು ಅವಳನ್ನು ಕೊಡವಿಕೊಂಡು ಬಾಲ್ಕನಿಗೆ ಓಡಿ ತಲೆ ಚಚ್ಚಿಕೊಳ್ಳತೊಡಗಿತು. ಆ ಕಬ್ಬಿಣದ ಬೀರುವಿಗೇ. ಧಣ್, ಧಣ್, ಧಣ್. ಎದುರಿನ ಕಟ್ಟಡದ ಕಿಟಕಿಗಳು ಒಂದೊಂದಾಗಿ ತೆರೆದವು. ಒಳಗೆ, ತಗಡಿನ ಡಬ್ಬಿಯಲ್ಲಿ, ಒಂದು ಗೇಣು ಆಚೆ ಎಣ್ಣೆಯಿತ್ತು.

ಅಮ್ಮ ದಿಂಬನ್ನು ಹಣೆಗೂ ಕಬ್ಬಿಣಕ್ಕೂ ನಡುವೆ ಹಿಡಿದು ಕೂತಳು. ನಾನು ಸುತ್ತಿಗೆ ಎತ್ತಿದೆ.

"ಬೇಡ! ಆ ಸದ್ದಿಗೆ ಇನ್ನೂ ಕೆರಳ್ತಾಳೆ. ಹತ್ರ ಬರಬೇಡ!" ಅಂದಳು ಅಮ್ಮ.

ಅಜ್ಜಿ ಎದ್ದು ನಿಂತಿದ್ದಳು. ತಲೆವಸ್ತ್ರ ಬಿಚ್ಚಿ ಊದಿದ ಕೈಗೆ ಹಲ್ಲಿನಿಂದ ಗಂಟು ಹಾಕುತ್ತಿದ್ದಳು. "ಟ್ಯಾಕ್ಸಿ ಕರಿಯೇ ಹೊದಾಯಾ. ಕೀಲಿ ನಾನು ಕೊಟ್ಟಿದ್ದು, ನಾನೇ ತರ್ತೀನಿ."

ನಾವಿಬ್ಬರೂ ಹೋದಾಗ ಅಬೂ ಸ್ವೇಲಿಮ್ ಒಂದು ಲಾರಿಯ ಕೆಳಗಿದ್ದ. ಅಜ್ಜಿಯ ಚಪ್ಪಲಿ ನೋಡಿಯೇ ಗುರುತಿಸಿ ಹೊರಗೆ ಉರುಳಿದ.

"ದೊಡ್ಡಮ್ಮ! ಇನ್ನೂ ನಾಲ್ಕು ದಿನ ಇದೆ. ಬಿಸ್ಕತ್ತು ತಿನ್ನೋಕೆ ಇಷ್ಟು ಅವಸರನಾ?"

ಅಜ್ಜಿ ನಿಂತೇ ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅವನ ನಗು ಹೋಯಿತು. ಕೈ ಒರೆಸಿಕೊಂಡು ಜೇಬಿನಿಂದ ಕೀಲಿ ತೆಗೆದ.

"ಒಡೀಬಾರದಿತ್ತಾ? ಒಂದು ಮಗುಗೋಸ್ಕರ? ನಾನು ಬೀಗ ಲೆಕ್ಕ ಹಾಕ್ತೀನಿ ಅಂದ್ಕೊಂಡ್ರಾ?"

"ನಿನಗೋಸ್ಕರ ಅಲ್ಲಪ್ಪ ನಾನು ತಡೆದಿದ್ದು," ಅಂದಳು ಅಜ್ಜಿ. "ನಿನ್ನ ಬೀಗ ನನಗೊಂದು ನೆಪ ಆಯ್ತು. ಅವಳ ಹಾಡು ಬೇಕಿತ್ತು ನನಗೆ."

ಅವನಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿ, ತನ್ನ ಪಿಕಪ್ಪಿನಲ್ಲಿ ನಮ್ಮನ್ನು ಕೂರಿಸಿಕೊಂಡು, ಊರೊಳಗಿನ ಉಬ್ಬುಗಳನ್ನು ಲೆಕ್ಕಿಸದೆ ಓಡಿಸಿದ. ಮೆಟ್ಟಿಲು ಹತ್ತುವಾಗಲೇ ಧಣ್ ಧಣ್ ಕೇಳಿಸುತ್ತಿತ್ತು, ದಿಂಬಿನ ಮೂಲಕ, ಮಂದವಾಗಿ. ಬೀರುವಿನ ಬಾಗಿಲು ಮಗುವಿಗೆ ತಾಗದಷ್ಟು ಮಾತ್ರ ತೆರೆದು ಅವನೇ ಕೈ ತೂರಿಸಿ ಡಬ್ಬಿ ತೆಗೆದ. ಅಜ್ಜಿಯ ಕೈಗೆ ಕೊಡುವ ಮುಂಚೆ ಅವಳ ಸಮಾಧಾನಕ್ಕೆಂದು ದೊಡ್ಡ ದನಿಯಲ್ಲಿ, "ಇದು ನನ್ನದು. ಮಗುಗೆ ಕೊಟ್ಟೆ," ಅಂದ. ಅಜ್ಜಿ ಬೀಗ ಹಾಕಿಸಿ ಕೀಲಿಯನ್ನು ಮತ್ತೆ ಅವನ ಜೇಬಿಗೇ ಹಾಕಿದಳು.

ಎಣ್ಣೆ ತಕ್ಷಣ ಏನೂ ಮಾಡುವುದಿಲ್ಲ. ಆ ದಿನ ನಿತ್ಸಾನ್ ಮಲಗಿದ್ದು ಬರೀ ಸುಸ್ತಿನಿಂದ. ಹಣೆಯ ಮೇಲೆ ಖರ್ಜೂರದಷ್ಟು ಗಂಟು. ಶುಕ್ರವಾರ ಇನ್ನೊಂದು ಸಲ ಕಚ್ಚಿದಳು, ಶನಿವಾರ ಕಿರುಚಿದಳು. ಭಾನುವಾರ ಗುನುಗು ನಿಂತಿತು. ಸೋಮವಾರ ಕಿಟಕಿಯ ಹತ್ತಿರ ಕೂತು, ಒಂದೇ ಕೈಯಲ್ಲಿ ಬಾಚುತ್ತಿದ್ದ ಅಜ್ಜಿಗೆ ಜಡೆ ಹಾಕಲು ಬಿಟ್ಟಳು.

ಆ ಸಂಜೆ ಹಬ್ಬ ಮುಗಿಯಿತು. ಅಬೂ ಸ್ವೇಲಿಮ್ ಹಿಟ್ಟು, ಬೆಣ್ಣೆ, ಕೀಲಿ ತಂದ. ಕಟ್ಟಡದ ಬಾಗಿಲುಗಳೆಲ್ಲ ತೆರೆದವು. ಅಜ್ಜಿ ಹೇಳಿಕೊಟ್ಟ ಹಾಗೆ ನಾನು ಹಬ್ಬ ಮುಗಿದ ರಾತ್ರಿಯ ಮಿಮೂನಾ ಔತಣದ ತೆಳು ರೊಟ್ಟಿಗಳನ್ನು ಒಂದರ ಮೇಲೊಂದು ಬೇಯಿಸಿದೆ. ಎಲ್ಲರೂ ಜೇನು ಬೆಣ್ಣೆ ಸವರಿಕೊಂಡು ತಿಂದರು. ಅಜ್ಜಿಯ ಕೈಯ ಪಟ್ಟಿಯ ಬಗ್ಗೆ ಕೇಳಿದವರಿಗೆ ಅವಳು, "ಕಿಟಕಿ ಒರೆಸ್ತಾ ಬಿದ್ದೆ," ಅಂದಳು. ಯಾರೂ ನಂಬಲಿಲ್ಲ, ಧಣ್ ಧಣ್ ಎಲ್ಲರಿಗೂ ಕೇಳಿಸಿತ್ತು. ಯಾರೂ ಎರಡನೇ ಸಲ ಕೇಳಲೂ ಇಲ್ಲ.

ಮರುದಿನ ಶುಲಾ ಬಂದಳು. ಮೇಜಿನ ಮೇಲೆ ಮಿಕ್ಕ ರೊಟ್ಟಿ, ಅರ್ಜಿ, ಪೆನ್ನು. ಅಮ್ಮ ಅಂದು ತೋಳು ಮೇಲಕ್ಕೆ ಮಡಚಿದ್ದಳು. ಮೊದಲ ಬಾರಿ. ಶುಲಾ ನೋಡಿದಳು.

"ಹಾಗಾದ್ರೆ ಸಹಿ ಹಾಕ್ತೀಯಾ," ಅಂದಳು ಮೆಲ್ಲಗೆ.

"ಎಣ್ಣೆ ಇಲ್ದೆ ಹೀಗೆ. ಇದ್ರೆ ಹಾಗೆ." ಅಮ್ಮ ಕಿಟಕಿಯ ಹತ್ತಿರ ಕೂತಿದ್ದ ನಿತ್ಸಾನಳ ಕಡೆ ಕೈ ತೋರಿಸಿದಳು. "ಇಷ್ಟು ದಿನ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು. ಈ ವರ್ಷ ಕಳಿಸಲ್ಲ."

"ಮುಂದಿನ ಸಲ ನಿಮ್ಮಮ್ಮನ ತಲೆ ಒಡೆದ್ರೆ ಓಸ್ನತ್?"

"ಗೊತ್ತಿಲ್ಲ."

"ಜಾಗ ಹೋಗತ್ತೆ."

"ಹೋಗಲಿ. ಆದ್ರೆ ಈ ಕಾಗದ ಇಲ್ಲೇ ಇರಲಿ."

ಅಮ್ಮ ಅರ್ಜಿಯನ್ನು ನಾಲ್ಕಾಗಿ ಮಡಚಿ ನೀಲಿ ಡಬ್ಬಿಯ ತಳಕ್ಕೆ ಹಾಕಿ, ಅದರ ಮೇಲೆ ಸೀಸೆ ಇಟ್ಟಳು. ಹನಿ ಹಾಕಲು ದಿನಕ್ಕೆ ಮೂರು ಸಲ ಡಬ್ಬಿ ತೆರೆದಾಗಲೂ ಅದು ಕಾಣುತ್ತದೆ. ಅಜ್ಜಿ ಆ ಡಬ್ಬಿಗೆ ಕೆಂಪು ಉಣ್ಣೆಯ ದಾರ ಸುತ್ತಿದ್ದಾಳೆ, ಹೊದಾಯಾಳಿಗೂ ಗೊತ್ತಾಗಲಿ ಅಂತ. ಹನಿ ಹಾಕುವವಳು ಈಗ ಅಜ್ಜಿಯೇ. ನನ್ನನ್ನೂ ಅಮ್ಮನನ್ನೂ ನಂಬುವುದಿಲ್ಲ.

ಕಳೆದ ವಾರ ಅವಳು ನನ್ನಿಂದ ಡಾಕ್ಟರಮ್ಮನಿಗೆ ಫೋನ್ ಮಾಡಿಸಿದಳು. ನಿಲ್ಲಿಸುವುದಲ್ಲ, ಒಂದೇ ಒಂದು ಹನಿ ಕಮ್ಮಿ ಮಾಡಬಹುದೇ, ಕೇಳು. ಡಾಕ್ಟರಮ್ಮ ಹಬ್ಬದ ಕಥೆಯನ್ನೆಲ್ಲ ಕೇಳಿ, ನಮಗೆ ಚೆನ್ನಾಗಿ ಬೈದು, ಆಮೇಲೆ ಹೇಳಿದರು: ಮಧ್ಯಾಹ್ನದ್ದರಲ್ಲಿ ಒಂದು ಹನಿ ಕಮ್ಮಿ ಮಾಡಿ, ಎರಡು ವಾರ ನೋಡಿ, ಕೆರಳಿದರೆ ತಿರುಗಿ ಏರಿಸಿ.

ಇವತ್ತಿಗೆ ಎಂಟು ದಿನ. ನಿತ್ಸಾನ್ ಯಂತ್ರದ ಹತ್ತಿರ ನಿಂತಿದ್ದಾಳೆ. ಅಮ್ಮ ಕೆಲಸಕ್ಕೆ ಹೊರಡುವವಳು ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಅಜ್ಜಿ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮಗುವಿನ ಬಾಯಿಯ ಕಡೆ ಕಿವಿ ಚಾಚಿದ್ದಾಳೆ.

"ಕೇಳಿಸ್ತಾ ಅಜ್ಜಿ?" ಅಂದೆ.

"ಸುಮ್ಮನಿರೇ. ನೀನು ಉಸಿರಾಡಿದ್ರೆ ನನಗೇನೂ ಕೇಳಿಸಲ್ಲ."